ಲಾರಿ ಕಾರ್ಖಾನೆಗೆ ಬಂದ ಬರಗಾಲ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳಲ್ಲಿ ಇಂದು ರೈಲುದಾರಿಯಿಲ್ಲ. ಒಂದು ಕಾಲಕ್ಕೆ ತರೀಕೆರೆಯಿಂದ ನರಸಿಂಹರಾಜಪುರದವರೆಗೆ ಓಡುತ್ತಿದ್ದ ಚಿಕ್ಕ ರೈಲು ಮರೆಯಾಗಿ ಬಹುಕಾಲವಾಯಿತು. ಅಡಕೆ ಶಿವಮೊಗ್ಗದ ಮಂಡಿ ಸೇರಬೇಕಾದರೂ, ಕಾಫಿ ಹದಮಾಡುವ ಕಾರ್ಖಾನೆಗೆ ಹೋಗಬೇಕಾದರೂ, ಸಿಮೆಂಟು, ಗೊಬ್ಬರ, ದಿನಸಿ ನಮ್ಮ ಅಂಗಡಿಗಳಿಗೆ ಬರಬೇಕಾದರೂ ಲಾರಿಯೇ ಗತಿ. ಆದುದರಿಂದ ಲಾರಿ ಮಾಡುವವರ ಏಳುಬೀಳು ಎಲ್ಲೋ ದೂರದ ಪಟ್ಟಣದ ಸುದ್ದಿಯೆಂದು ನಾವು ಕೈಬಿಡುವಂತಿಲ್ಲ.

ನಮ್ಮ ನಾಡಿನ ಗಡಿಯಾಚೆಗೇ, ಕನ್ನಡದ ಮಾತೂ ಕೇಳಿಬರುವ ಹೊಸೂರಿನಲ್ಲಿ, ಅಶೋಕ್ ಲೇಲ್ಯಾಂಡ್ ಕಂಪನಿಯ ಕಾರ್ಖಾನೆಯುಂಟು. ಕಂಪನಿ ೧೯೪೮ರಲ್ಲಿ ಮದರಾಸಿನಲ್ಲಿ ಅಶೋಕ್ ಮೋಟಾರ್ಸ್ ಎಂಬ ಹೆಸರಿನಿಂದ ಹುಟ್ಟಿತು. ಇಂಗ್ಲೆಂಡಿನ ಲೇಲ್ಯಾಂಡ್ ಸಂಸ್ಥೆ ಜೊತೆಗೂಡಿದ ಮೇಲೆ ೧೯೫೫ರಲ್ಲಿ ಈಗಿನ ಹೆಸರು ಬಂತು. ಹೊಸೂರಿನ ಕಾರ್ಖಾನೆ ೧೯೮೦ರಲ್ಲಿ ಆರಂಭವಾಯಿತು. ಭಾರಿ ಲಾರಿ, ಬಸ್ಸುಗಳೇ ಈ ಕಂಪನಿಯ ಮುಖ್ಯ ಕಸುಬು.

೨೦೧೮-೧೯ರಲ್ಲಿ ಈ ಕಂಪನಿ ಸುಮಾರು ೧.೯೭ ಲಕ್ಷ ವಾಹನಗಳನ್ನು ಮಾರಿತು. ವಹಿವಾಟು ೨೯,೦೫೫ ಕೋಟಿ ರೂಪಾಯಿ. ಲಾಭ ೧,೯೮೩ ಕೋಟಿ. ಮರುವರ್ಷ ಮಾರಾಟ ಸುಮಾರು ೧.೨೫ ಲಕ್ಷಕ್ಕೆ ಇಳಿಯಿತು. ವಹಿವಾಟು ೧೭,೪೬೭ ಕೋಟಿಗೆ ಕುಸಿಯಿತು. ಲಾಭ ೨೪೦ ಕೋಟಿಯಷ್ಟೇ ಉಳಿಯಿತು. ಇದು ಒಂದು ಕಂಪನಿಯ ಪಾಡು ಮಾತ್ರವಲ್ಲ. ಇಡೀ ದೇಶದಲ್ಲಿ ಮಧ್ಯಮ ಮತ್ತು ಭಾರಿ ವಾಹನಗಳ ಮಾರಾಟ ಸುಮಾರು ೩.೯ ಲಕ್ಷದಿಂದ ೨.೨೫ ಲಕ್ಷಕ್ಕೆ ಬಂದಿತ್ತು.

ಇಲ್ಲಿ ಒಂದು ಸೋಜಿಗವಿದೆ. ಆ ವರ್ಷ ದೇಶದ ಒಟ್ಟು ಉತ್ಪನ್ನ ಕುಗ್ಗಿರಲಿಲ್ಲ. ಬೆಳೆಯುವ ವೇಗ ಮಾತ್ರ ತಗ್ಗಿತ್ತು. ಜನ ಅನ್ನ ಉಣ್ಣುವುದನ್ನು ಬಿಡಲಿಲ್ಲ, ಅಡಕೆ ಮಂಡಿಗೆ ಹೋಗುವುದು ನಿಲ್ಲಲಿಲ್ಲ. ಹೀಗಿರಲು ಲಾರಿಯ ಮಾರಾಟ ಮಾತ್ರ ನೂರಕ್ಕೆ ನಲವತ್ತರಷ್ಟು ಏಕೆ ಬಿತ್ತು?

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಸಾಹುಕಾರನ ಬಳಿ ಹತ್ತು ಲಾರಿಗಳಿವೆ ಎನ್ನಿ. ಲಾರಿಯ ಆಯುಸ್ಸು ಹತ್ತು ವರ್ಷ. ಅಂದರೆ ವರ್ಷಕ್ಕೊಂದು ಹಳೆಯ ಲಾರಿ ಹೋಗಿ ಒಂದು ಹೊಸದು ಬರುತ್ತದೆ. ಒಂದು ವರ್ಷ ಬಾಡಿಗೆ ನೂರಕ್ಕೆ ಹತ್ತರಷ್ಟು ಹೆಚ್ಚಿ, ಹನ್ನೊಂದು ಲಾರಿ ಬೇಕಾಯಿತು. ಆಗ ಅವನು ಎರಡು ಲಾರಿ ಕೊಳ್ಳುತ್ತಾನೆ. ಬಾಡಿಗೆ ಹೆಚ್ಚಿದ್ದು ಹತ್ತನೆಯ ಒಂದು ಪಾಲು. ಕಾರ್ಖಾನೆಯ ಗಿರಾಕಿ ಹೆಚ್ಚಿದ್ದು ಎರಡರಷ್ಟು! ಮರುವರ್ಷ ಬಾಡಿಗೆ ಹೆಚ್ಚದೆ ಇದ್ದಷ್ಟೇ ಇದ್ದರೂ ಅವನು ಕೊಳ್ಳುವುದು ಒಂದೇ ಲಾರಿ. ಕಾರ್ಖಾನೆಗೆ ವ್ಯಾಪಾರ ಅರ್ಧವಾಯಿತು. ಬಾಡಿಗೆ ಸ್ವಲ್ಪ ಇಳಿದರಂತೂ ಒಂದೂ ಬೇಡ. ಹಳೆಯದನ್ನೇ ರಿಪೇರಿ ಮಾಡಿಸಿ ಇನ್ನೊಂದು ವರ್ಷ ಓಡಿಸಿದರಾಯಿತು. ಅಕ್ಕಿಯನ್ನು ನಾಳೆಗೆ ಮುಂದೂಡಲಾಗದು, ಲಾರಿಯನ್ನು ಮುಂದೂಡಬಹುದು. ಮಾರುಕಟ್ಟೆಯ ಸಣ್ಣ ಅಲೆ ಲಾರಿ ಕಾರ್ಖಾನೆಯ ಬಾಗಿಲಿಗೆ ಬರುವಾಗ ದೊಡ್ಡ ತೆರೆಯಾಗುವ ಗುಟ್ಟು ಇದೇ.

ಇದರ ಮೇಲೆ ಆ ಕಾಲದಲ್ಲಿ ಬೇರೆ ಕಾರಣಗಳೂ ಸೇರಿದವು. ೨೦೧೮ರ ಜುಲೈಯಲ್ಲಿ ಕೇಂದ್ರ ಸರ್ಕಾರ ಲಾರಿಗಳು ಹೊರಬಹುದಾದ ತೂಕದ ಮಿತಿಯನ್ನು ಏರಿಸಿತು. ಮೂರು ಅಚ್ಚಿನ ಲಾರಿಯ ಒಟ್ಟು ತೂಕ ೨೫ ಟನ್ನಿನಿಂದ ೨೮.೫ ಟನ್ನಿಗೆ ಹೋಯಿತು. ಲಾರಿಯ ಸ್ವಂತ ತೂಕ ೯ ಟನ್ನೆಂದು ಹಿಡಿದರೆ, ೧೬ ಟನ್ನು ಹೊರುತ್ತಿದ್ದುದು ೧೯.೫ ಟನ್ನು ಹೊರುವಂತಾಯಿತು. ಹಿಂದೆ ಆರು ಲಾರಿ ಮಾಡುತ್ತಿದ್ದ ಕೆಲಸವನ್ನು ಐದೇ ಮಾಡಿದವು. ಹೀಗೆ ಒಂದೂ ಹೊಸ ಲಾರಿ ರಸ್ತೆಗಿಳಿಯದೆ ದೇಶದ ಸಾಗಾಣಿಕೆಯ ಶಕ್ತಿ ಹೆಚ್ಚಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಂದು ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸಲಾರದೆ ನಿಂತಾಗ, ಲಾರಿಗೆ ಸಾಲ ಕೊಡುತ್ತಿದ್ದ ಫೈನಾನ್ಸ್ ಕಂಪನಿಗಳೆಲ್ಲ ಕೈ ಬಿಗಿಹಿಡಿದವು. ೨೦೨೦ರ ಏಪ್ರಿಲ್ ೧ರಿಂದ ಹೊಗೆಯ ಹೊಸ ನಿಯಮ, ಭಾರತ್ ಸ್ಟೇಜ್-೬, ಬರಲಿತ್ತು. ಬೆಲೆ ಏರುವ ಮುನ್ನ ಜನ ಮುಗಿಬಿದ್ದು ಕೊಂಡಾರೆಂದು ಕಂಪನಿಗಳು ಕಾದವು. ನಿರೀಕ್ಷಿಸಿದಷ್ಟು ಗಿರಾಕಿ ಬರಲಿಲ್ಲ.

ಮಾರಾಟ ನೂರಕ್ಕೆ ನಲವತ್ತು ಬಿದ್ದರೆ ಲಾಭ ನೂರಕ್ಕೆ ಎಂಬತ್ತೆಂಟು ಬೀಳುವುದೇಕೆ? ಇದಕ್ಕೂ ಸುಲಭದ ಲೆಕ್ಕವೊಂದುಂಟು. ಕಾರ್ಖಾನೆಯೊಂದು ೧೦೦ ರೂಪಾಯಿಯಂತೆ ನೂರು ಸಾಮಾನು ಮಾರುತ್ತದೆ. ಒಂದೊಂದಕ್ಕೂ ಕಬ್ಬಿಣ, ಟೈರು ಮೊದಲಾದವಕ್ಕೆ ೭೦ ರೂಪಾಯಿ ಹೋಗಿ ೩೦ ಉಳಿಯುತ್ತದೆ, ಒಟ್ಟು ೩,೦೦೦. ಸಂಬಳ, ಸಾಲದ ಬಡ್ಡಿ, ಯಂತ್ರಗಳ ಸವಕಳಿ ಸೇರಿ ೨,೦೦೦ ಖರ್ಚು, ಲಾಭ ೧,೦೦೦. ಈಗ ಅರವತ್ತೇ ಸಾಮಾನು ಮಾರಿತೆನ್ನಿ. ಉಳಿಯುವುದು ೧,೮೦೦. ಸಂಬಳ, ಬಡ್ಡಿಗಳು ಮಾತ್ರ ಇಳಿಯವು. ಲಾಭವಿರಲಿ, ೨೦೦ ರೂಪಾಯಿ ನಷ್ಟ! ಗಿರಾಕಿಯನ್ನು ಸೆಳೆಯಲು ಬೆಲೆಯಲ್ಲಿ ರಿಯಾಯಿತಿ ಕೊಟ್ಟರೆ ನಷ್ಟ ಇನ್ನೂ ಹೆಚ್ಚು.

ಆದುದರಿಂದಲೇ ೨೦೧೯ರ ಸೆಪ್ಟೆಂಬರಿನಲ್ಲಿ ಅಶೋಕ್ ಲೇಲ್ಯಾಂಡ್ ತನ್ನ ಕಾರ್ಖಾನೆಗಳಿಗೆ ಕೆಲಸವಿಲ್ಲದ ದಿನಗಳನ್ನು ಸಾರಿತು: ಪಂತ್‌ನಗರದಲ್ಲಿ ೧೮, ಎಣ್ಣೂರಿನಲ್ಲಿ ೧೬, ಹೊಸೂರಿನಲ್ಲಿ ೫. ಖರ್ಚು ಕಡಿದು ಆ ವರ್ಷವನ್ನು ನಷ್ಟವಿಲ್ಲದೆ ದಾಟಿತು. ಮರುವರ್ಷ ಕೊರೋನಾ ಬಂದೆರಗಿ ೩೧೪ ಕೋಟಿ ನಷ್ಟವೇ ಆಯಿತು. ಆದರೂ ಕಂಪನಿ ನಿಂತಿತು. ಹಳೆಯ ಲಾರಿಗಳನ್ನು ಎಷ್ಟು ದಿನ ಮುಂದೂಡಿ ಓಡಿಸಲಾದೀತು? ಮುಂದೂಡಿದ ಖರೀದಿಗಳೆಲ್ಲ ತಿರುಗಿ ಬಂದವು; ೨೦೨೩-೨೪ರಲ್ಲಿ ಲಾಭ ೨,೬೧೮ ಕೋಟಿ ಮುಟ್ಟಿತು.

ಇನ್ನು ನಮ್ಮ ಊರಿನ ಕಡೆ ತಿರುಗೋಣ. ಲಾರಿ ಬಸ್ಸುಗಳನ್ನು ಮಾಡುವವರಿಗೆ ಬಂದಂತೆ, ಅವನ್ನು ಓಡಿಸುವವರಿಗೂ ಕಷ್ಟಕಾಲ ಬಂದಿತ್ತು. ಕೊಪ್ಪದ ಸಹಕಾರ ಸಾರಿಗೆಯನ್ನು ಬಲ್ಲದವರು ಈ ಮೂರು ತಾಲ್ಲೂಕುಗಳಲ್ಲಿ ಯಾರಿದ್ದಾರೆ? ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅದರ ಕಾರ್ಮಿಕರೇ ಕೂಡಿ ೧೯೯೧ರಲ್ಲಿ ಕಟ್ಟಿದ ಸಂಘವದು. ಕೆಲವೇ ಬಸ್ಸುಗಳಿಂದ ಹೊರಟು ಎಪ್ಪತ್ತಕ್ಕೂ ಮೇಲ್ಪಟ್ಟು ಬೆಳೆಯಿತು. ಡ್ರೈವರು, ಕಂಡಕ್ಟರುಗಳೇ ಅದರ ಒಡೆಯರು. ಬೇರೆಯವರು ಒಲ್ಲೆನೆಂದ ಹಳ್ಳಿಹಾದಿಗಳಲ್ಲಿಯೂ ಅದರ ಬಸ್ಸು ಓಡಿ, ಶಾಲೆಯ ಮಕ್ಕಳನ್ನು ಕಡಮೆ ದರದಲ್ಲಿ ಕರೆದೊಯ್ದಿತು. ಡೀಸೆಲ್ ಬೆಲೆ, ವಿಮೆ, ತೆರಿಗೆ, ಬಿಡಿಭಾಗಗಳ ಬೆಲೆ ಏರುತ್ತ ಹೋದವು. ಟಿಕೆಟಿನ ದರವನ್ನು ಮಾತ್ರ ತಾನಾಗಿ ಏರಿಸುವ ಹಾಗಿರಲಿಲ್ಲ. ೨೦೨೦ರ ಫೆಬ್ರವರಿಯಲ್ಲಿ, ಕೊರೋನಾಕ್ಕೂ ಮುನ್ನವೇ, ಬಸ್ಸುಗಳು ನಿಂತುವು. ಸುಮಾರು ೩೦೦ ಸಂಸಾರಗಳ ಅನ್ನದ ಪ್ರಶ್ನೆ ಎದುರಾಯಿತು.

ದೊಡ್ಡ ಕಂಪನಿ ಉಳಿಯಿತು, ಸಣ್ಣ ಸಂಘ ಉಳಿಯಲಿಲ್ಲ. ಅದು ಜಾಣತನದ ಹೆಚ್ಚುಕಡಮೆಯಿಂದಷ್ಟೇ ಆದುದಲ್ಲ. ಕಾರ್ಖಾನೆ ಐದು ದಿನ ಬಾಗಿಲು ಹಾಕಿದರೆ ಲೋಹದ ಖರ್ಚು ಉಳಿಯುತ್ತದೆ. ಹಳ್ಳಿಯ ಬಸ್ಸು ಐದು ದಿನ ನಿಂತರೆ ಮಕ್ಕಳ ಶಾಲೆ ತಪ್ಪುತ್ತದೆ, ಪ್ರಯಾಣಿಕರು ಬೇರೆ ದಾರಿ ಹಿಡಿಯುತ್ತಾರೆ. ಕಾರ್ಖಾನೆಗೆ ಒಳ್ಳೆಯ ವರ್ಷದ ೧,೯೮೩ ಕೋಟಿ ಲಾಭ ಬೆನ್ನಿಗಿತ್ತು. ಹಳ್ಳಿಯ ಬಸ್ಸಿಗೆ ಒಳ್ಳೆಯ ವರ್ಷದಲ್ಲಿಯೂ ಕೂಡಿಡುವಷ್ಟು ಉಳಿತಾಯವಿರಲಿಲ್ಲ. ಕಾರ್ಖಾನೆಗೆ ಮುಂದೂಡಿದ ಗಿರಾಕಿ ಮರಳಿ ಬಂದಾನು. ಇಂದು ಖಾಲಿ ಹೋದ ಸೀಟಿನ ಟಿಕೆಟು ನಾಳೆ ಮಾರಾಟವಾಗುವುದಿಲ್ಲ.

ಮಲೆನಾಡಿನ ಮನೆವಾರ್ತೆ ಬಲ್ಲವರಿಗೆ ಇದು ಹೊಸ ಮಾತಲ್ಲ. ಮಳೆ ಹಿಡಿಯುವ ಮೊದಲೇ ಸೌದೆ, ಅಕ್ಕಿ, ಹಪ್ಪಳ, ಉಪ್ಪಿನಕಾಯಿಗಳನ್ನು ಒಟ್ಟಿಕೊಳ್ಳುತ್ತೇವೆ. ಆದರೆ ಒಟ್ಟಿಕೊಳ್ಳಲು ಬೇಸಗೆಯಲ್ಲಿ ಕೈಗೆ ಏನಾದರೂ ದಕ್ಕಬೇಕಷ್ಟೆ. ಊರಿಗೆ ಬೇಕಾದ ಬಸ್ಸು ಊರಿನ ದರದಲ್ಲಿ ಓಡಬೇಕೆಂದು ನಾವು ಬಯಸುವುದು ನ್ಯಾಯವೇ. ಅದರ ಕೊರತೆಯನ್ನು ಯಾರು ತುಂಬಬೇಕೆಂಬುದನ್ನು ಮಾತ್ರ ಬಸ್ಸು ನಿಂತ ಮೇಲಲ್ಲ, ಓಡುತ್ತಿರುವಾಗಲೇ ಊರೂ ಸರ್ಕಾರವೂ ಕೂಡಿ ನಿಶ್ಚಯಿಸಿಕೊಳ್ಳಬೇಕು.