ಮುನಿಯ ಹಠ, ನಕ್ಷತ್ರಿಕನ ನಗೆ

ಅಮೆರಿಕದ ಎಂ.ಜಿ.ಎಂ. ಸಂಸ್ಥೆಯವರು ೧೯೨೮ರಲ್ಲಿ ತೆರೆಗೆ ತಂದ ‘ವೆಸ್ಟ್ ಆಫ್ ಜಾಂಜಿಬಾರ್’ ಎಂಬ ಮೂಕಿ ಚಿತ್ರದಲ್ಲಿ, ಹೆಂಡತಿಯನ್ನು ಕರೆದೊಯ್ದು ತನ್ನ ಕಾಲುಗಳ ಬಲವನ್ನೂ ಉಡುಗಿಸಿದ ವೈರಿಯ ಮೇಲೆ ಸೇಡು ತೀರಿಸಿಕೊಳ್ಳಬೇಕೆಂದು ಇಂದ್ರಜಾಲಿಗನೊಬ್ಬನು, ವೈರಿಯದೆಂದೇ ತಾನು ನಂಬಿದ ಹೆಣ್ಣುಕೂಸನ್ನು ಆಫ್ರಿಕದ ಹೀನಗೃಹವೊಂದರಲ್ಲಿ ಬೆಳೆಯಗೊಟ್ಟು, ವರ್ಷಗಟ್ಟಲೆ ಕಾದು, ಕಡೆಗೆ ಅವಳು ತನ್ನದೇ ಮಗಳೆಂದು ತಿಳಿದು, ಅವಳನ್ನುಳಿಸಲು ಪ್ರಾಣವನ್ನೇ ತೆರುತ್ತಾನೆ. ನಿರ್ದೇಶಕ ಟಾಡ್ ಬ್ರೌನಿಂಗ್. ನಟ ಲಾನ್ ಚೇನಿ. ೧೯೩೨ರಲ್ಲಿ ಅದೇ ಸಂಸ್ಥೆ ಅದೇ ಕಥೆಯನ್ನು ‘ಕಾಂಗೊ’ ಎಂಬ ವಾಕ್ಚಿತ್ರವಾಗಿ ಮತ್ತೆ ಮಾಡಿತು. ಬ್ರಾಡ್‌ವೇ ರಂಗಭೂಮಿಯಲ್ಲಿ ಆ ಪಾತ್ರ ವಹಿಸಿದ್ದ ವಾಲ್ಟರ್ ಹ್ಯೂಸ್ಟನ್ ಈಗ ತೆರೆಗೂ ಬಂದನು. ಬಾಯಿಗೆ ಮಾತು ಬಂದಂತೆ ಕ್ರೌರ್ಯವೂ ಇಮ್ಮಡಿಯಾಯಿತೇ ಹೊರತು, ನೋಡುವವನಿಗೆ ಉಸಿರಾಡಲು ಎಡೆಯಿಲ್ಲದೆ ಹೋಯಿತು.

ಇಂಥ ಕಥೆ ನಮ್ಮಲ್ಲಿಯೂ ಉಂಟು. ಹಗೆ ಸಾಧಿಸುವವನು ಋಷಿಯಾದುದರಿಂದ ಅದನ್ನು ಸೇಡಿನ ಕಥೆಯೆನ್ನಲು ಹಿಂಜರಿಯುತ್ತೇವೆ, ಅಷ್ಟೆ. ದೇವೇಂದ್ರನ ಸಭೆಯಲ್ಲಿ ವಸಿಷ್ಠನು ಹರಿಶ್ಚಂದ್ರನನ್ನು ಹೊಗಳಿದನೆಂಬ ಒಂದೇ ಕಾರಣಕ್ಕೆ ವಿಶ್ವಾಮಿತ್ರನು, ತನಗೆ ಯಾವ ಅಪರಾಧವನ್ನೂ ಎಸಗದ ಆ ಅರಸನ ರಾಜ್ಯವನ್ನು ಕಸಿದು, ಮಡದಿ ಮಗನನ್ನು ಕಾಶಿಯ ಬೀದಿಯಲ್ಲಿ ಮಾರಿಸಿ, ಅವನನ್ನು ಸುಡುಗಾಡಿನ ಕಾವಲಿಗೆ ನಿಲ್ಲಿಸುತ್ತಾನೆ. ರಾಘವಾಂಕನು ಷಟ್ಪದಿಯಲ್ಲಿ ಹಾಡಿದ ಈ ವೃತ್ತಾಂತವು ನಾಟಕ ಮಂಡಲಿಗಳ ರಂಗವನ್ನೇರಿ, ಅಲ್ಲಿಂದ ೧೯೪೩ರಲ್ಲಿ ಆರ್. ನಾಗೇಂದ್ರರಾಯರ ನಿರ್ದೇಶನದಲ್ಲಿ ಎಂ.ವಿ. ಸುಬ್ಬಯ್ಯನಾಯ್ಡು ಅವರು ಹರಿಶ್ಚಂದ್ರರಾದ ಚಿತ್ರವಾಯಿತು. ಅದರ ಸಂಭಾಷಣೆಗಳನ್ನೇ ತಮಿಳಿಗೆ ಮಾರ್ಪಡಿಸಿ ಮರುವರ್ಷ ತೋರಿಸಿದರು. ಭಾರತದ ಡಬ್ಬಿಂಗ್ ಚಿತ್ರಗಳಲ್ಲಿ ಮೊದಲನೆಯದೆಂದು ಅದು ಹೆಸರಾಗಿದೆ.

ಇಪ್ಪತ್ತೆರಡು ವರ್ಷಗಳ ತರುವಾಯ, ೧೯೬೫ರಲ್ಲಿ, ಹುಣಸೂರು ಕೃಷ್ಣಮೂರ್ತಿಯವರು ಇದೇ ಕಥೆಯನ್ನು ಮತ್ತೆ ತೆಗೆದುಕೊಂಡರು: ರಾಜಕುಮಾರ್, ಪಂಢರಿಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್, ಸುಡುಗಾಡಿನ ಒಡೆಯ ವೀರಬಾಹುವಾಗಿ ಎಂ.ಪಿ. ಶಂಕರ್. ಆದರೆ ತಿಪಟೂರು ಸೀಮೆಯವನಾದ ನನಗೆ ಮೊದಲು ನೆನಪಿಗೆ ಬರುವುದು ವಿಶ್ವಾಮಿತ್ರನ ಪರವಾಗಿ ಸಾಲವಸೂಲಿಗೆ ಅರಸನ ಬೆನ್ನುಹತ್ತುವ ಶಿಷ್ಯ ನಕ್ಷತ್ರಿಕ. ಆ ವೇಷ ಧರಿಸಿದ ಟಿ.ಆರ್. ನರಸಿಂಹರಾಜು ಅವರು ಹುಟ್ಟಿದ್ದು ೧೯೨೩ರಲ್ಲಿ, ನಮ್ಮ ತಿಪಟೂರಿನಲ್ಲಿ. ಬಾಲ್ಯದಲ್ಲಿಯೇ ನಾಟಕ ಕಂಪನಿ ಸೇರಿ, ಗುಬ್ಬಿ ಕಂಪನಿಯ ಅನ್ನವನ್ನೂ ಉಂಡು, ೧೯೫೪ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಅವರೊಡನೆ ತೆರೆಗೆ ಬಂದವರು. ಆ ಕೃಶಕಾಯ, ಆ ಉಬ್ಬುಹಲ್ಲು, ಆ ಚುರುಕು ಕಣ್ಣು, ಇವು ಮುನಿಯ ಕೋಪಕ್ಕೆ ಒಪ್ಪುವ ಸಾಧನಗಳೇ ಅಲ್ಲವೆಂದು ತೋರಬಹುದು. ಆದರೂ ವಿಶ್ವಾಮಿತ್ರನ ಗುಡುಗಿಗೆ ಮಣಿಯದ ಅರಸನು, ನಡೆಯಲಾರೆ, ಹಸಿವೆ, ನೆರಳಲ್ಲಿ ಕೂರೋಣ ಎಂದು ಪೀಡಿಸುತ್ತ ದಾರಿಯುದ್ದಕ್ಕೂ ಅಂಟಿಕೊಂಡು ಬರುವ ಈ ಪುಟ್ಟ ಶಿಷ್ಯನನ್ನು ಸಹಿಸುವಾಗಲೇ ಅವನ ತಾಳ್ಮೆಯ ಆಳ ನಮಗೆ ಗೋಚರವಾಗುತ್ತದೆ. ನಕ್ಕುಬಿಟ್ಟೆವಲ್ಲ ಎಂಬ ಅಳುಕಿನಿಂದಲೇ ಮುಂದಿನ ಸಂಕಟ ಇನ್ನಷ್ಟು ನಾಟುತ್ತದೆ. ‘ಕಾಂಗೊ’ದಲ್ಲಿ ಇಲ್ಲದೆ ಹೋದುದು ಈ ನಗೆಯೇ.

ವರ್ಷವೆಲ್ಲ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಹಾಕಿ, ಬಂದ ಹಣದಲ್ಲಿ ಹಳೆಯ ಬಾಕಿಯನ್ನು ಮೊದಲು ತೀರಿಸಬೇಕಾದ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದವನಿಗೆ, ಬಾಗಿಲಲ್ಲಿ ಕುಳಿತು ಏಳದ ಸಾಲವಸೂಲಿಯವನ ಪರಿಚಯವನ್ನು ಯಾವ ಪುರಾಣವೂ ಮಾಡಿಕೊಡಬೇಕಾಗಿಲ್ಲ. ಸುಗ್ಗಿ ಕಳೆದ ಮೇಲೆ ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ಸೀನುಗಳನ್ನು ಬಾಡಿಗೆಗೆ ತಂದು, ಬೆಳಗಿನವರೆಗೆ ನಾಟಕವಾಡುವ ನಮ್ಮ ಹಳ್ಳಿಗಳಲ್ಲಿ ರಾಜನ ಪಾರ್ಟಿಗೆ ಪೈಪೋಟಿ ನಡೆಯುವುದು ಸಹಜ. ಆದರೆ ನಕ್ಷತ್ರಿಕನಿಗೆ ತಕ್ಕವನು ದೊರೆಯದಿದ್ದರೆ ನಾಟಕವನ್ನೇ ಬದಲಾಯಿಸುವುದು ಜಾಣತನವೆಂದು ನಾನು ಹೇಳುವೆನು.

೧೯೬೫ರ ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಂದಿತು. ನರಸಿಂಹರಾಜು ೧೯೭೯ರಲ್ಲಿ ತೀರಿಕೊಂಡರು. ೨೦೦೮ರಲ್ಲಿ ಆ ಕಪ್ಪು ಬಿಳುಪಿನ ಚಿತ್ರಕ್ಕೆ ಗಣಕಯಂತ್ರದಿಂದ ಬಣ್ಣ ತುಂಬಿ ಮತ್ತೊಮ್ಮೆ ಚಿತ್ರಮಂದಿರಗಳಿಗೆ ತಂದರು. ಅರಮನೆಗೆ ಬಣ್ಣ ಒಪ್ಪಿತೆನ್ನಬಹುದು, ಸ್ಮಶಾನಕ್ಕೆ ಅದರ ಅಗತ್ಯವಿತ್ತೆಂದು ನನಗನ್ನಿಸದು.