ಮತಾಂತರ ಮಾಡದ ಮಿಷನರಿ: ವೆರಿಯರ್ ಎಲ್ವಿನ್‌ರನ್ನು ಅರ್ಧ ಓದಿದರೆ ಸಾಲದು

ಮತಾಂತರ ನಿಷೇಧ ಕಾಯ್ದೆಯ ಚರ್ಚೆ ಬಂದಾಗಲೆಲ್ಲ ನಮ್ಮ ಟೈಮ್‌ಲೈನ್‌ಗಳಲ್ಲಿ ಎರಡೇ ಬಗೆಯ ಮಿಷನರಿಗಳು ಕಾಣಿಸ್ತಾರೆ. ಒಬ್ಬ ಅಕ್ಕಿಮೂಟೆ ತೋರಿಸಿ ಬಡವರ ದೇವರನ್ನು ಬದಲಿಸುವ ಖಳನಾಯಕ. ಇನ್ನೊಬ್ಬ ಶಾಲೆ, ಆಸ್ಪತ್ರೆ ಕಟ್ಟಿದ ಸಂತ. ಈ ಎರಡೂ ಚೌಕಟ್ಟಿಗೆ ಒಗ್ಗದ ಒಬ್ಬರಿದ್ದಾರೆ, ವೆರಿಯರ್ ಎಲ್ವಿನ್. ಅವರನ್ನು ಎರಡೂ ಬಣದವರು ಓದಬೇಕು ಅನ್ನೋದು ನನ್ನ ವಾದ.

ಆಕ್ಸ್‌ಫರ್ಡಿನಿಂದ ಗೊಂಡರ ಹಳ್ಳಿಗೆ

ಎಲ್ವಿನ್ ಹುಟ್ಟಿದ್ದು 1902ರಲ್ಲಿ, ಇಂಗ್ಲೆಂಡಿನಲ್ಲಿ. ಅಪ್ಪ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಬಿಷಪ್. ಮಗ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ದೇವತಾಶಾಸ್ತ್ರ ಎರಡರಲ್ಲೂ ಪ್ರಥಮ ದರ್ಜೆ ಪಡೆದು, ಪಾದ್ರಿಯಾಗಿ, 1927ರಲ್ಲಿ ಪುಣೆಯ ಕ್ರಿಸ್ತ ಸೇವಾ ಸಂಘಕ್ಕೆ ಬಂದರು. ತನ್ನ ದೇಶ ಭಾರತಕ್ಕೆ ಮಾಡಿದ ಅನ್ಯಾಯಕ್ಕೆ ಒಂದು ಪ್ರಾಯಶ್ಚಿತ್ತ ಎನ್ನುವುದು ಅವರು ಇಲ್ಲಿಗೆ ಬಂದ ಕಾರಣಗಳಲ್ಲೊಂದು. ಮರುವರ್ಷವೇ ಸಾಬರಮತಿಗೆ ಹೋಗಿ ಗಾಂಧಿಯ ಅನುಯಾಯಿಯಾದರು.

1932ರಲ್ಲಿ ಗೆಳೆಯ ಶಾಮರಾವ್ ಹಿವಾಳೆ ಜೊತೆ ಈಗಿನ ಮಧ್ಯಪ್ರದೇಶದ ಕರಂಜಿಯಾ ಹಳ್ಳಿಯಲ್ಲಿ ಗೊಂಡರ ನಡುವೆ ನೆಲೆಸಿದರು. ಶಾಲೆ, ಔಷಧಿ, ಕುಷ್ಠರೋಗಿಗಳ ಆರೈಕೆ ಎಲ್ಲವೂ ಶುರುವಾಯಿತು. ಆದರೆ ಒಬ್ಬರನ್ನೂ ಕ್ರೈಸ್ತರನ್ನಾಗಿ ಮಾಡಲು ಅವರು ಒಪ್ಪಲಿಲ್ಲ. ಇತ್ತ ಕಾಂಗ್ರೆಸ್ ಪರ ಮಾತಾಡುವ ಪಾದ್ರಿಗೆ ಬಿಷಪ್ ಬೆಂಬಲವೂ ಸಿಗಲಿಲ್ಲ. ತಿಕ್ಕಾಟ ಬೆಳೆದು, 1935ರ ಹೊತ್ತಿಗೆ ಎಲ್ವಿನ್ ಚರ್ಚನ್ನೇ ಬಿಟ್ಟರು.

ಪರಿಹಾರ ಹಿಡಿದು ಬಂದವರು

ಅವರ ನಂಬಿಕೆ ಅಲುಗಿದ್ದು ಚರ್ಚಿನ ರಾಜಕೀಯದಿಂದ ಮಾತ್ರ ಅಲ್ಲ. ನೆರೆಯ ಬೈಗಾ ಸಮುದಾಯವನ್ನೇ ತಗೊಳ್ಳಿ. ನೇಗಿಲು ಹೂಡಿದರೆ ಭೂತಾಯಿಯ ಎದೆ ಸೀಳಿದಂತೆ ಅನ್ನೋದು ಅವರ ನಂಬಿಕೆ. ಹಾಗಾಗಿ ಕಾಡಿನ ಒಂದು ತುಂಡು ಸವರಿ, ಸುಟ್ಟು, ಬೂದಿಯಲ್ಲಿ ಬಿತ್ತಿ, ಕೆಲವು ವರ್ಷಗಳ ನಂತರ ಬೇರೆ ಕಡೆ ಹೋಗುವ ‘ಬೇವರ್’ ಬೇಸಾಯ ಮಾಡುತ್ತಿದ್ದರು. ಬ್ರಿಟಿಷ್ ಅರಣ್ಯ ಇಲಾಖೆ ಅದನ್ನು ಒಂದು ಸಣ್ಣ ಪ್ರದೇಶಕ್ಕೆ ಕಟ್ಟಿಹಾಕಿತು. ಬೈಗಾಗಳು ಕಳಕೊಂಡದ್ದು ಹೊಲ ಮಾತ್ರ ಅಲ್ಲ, ದೇವರ ಜೊತೆಗಿನ ಒಪ್ಪಂದವನ್ನೂ. 1939ರಲ್ಲಿ ಬೈಗಾಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಎಲ್ವಿನ್ ಈ ನಷ್ಟವನ್ನು ದಾಖಲಿಸಿದರು.

ಇಂಜಿನಿಯರಿಂಗ್‌ನಲ್ಲಿ ನಮಗೆ ಕಲಿಸೋದು ‘ಸಮಸ್ಯೆ ಗುರುತಿಸು, ಪರಿಹಾರ ಕೊಡು’ ಅಂತ. ಸಮಸ್ಯೆ ಯಾವುದು ಅಂತ ತೀರ್ಮಾನಿಸೋರು ಯಾರು ಎಂಬ ಪ್ರಶ್ನೆ ಸಿಲಬಸ್‌ನಲ್ಲಿ ಇರಲ್ಲ. ಎಲ್ವಿನ್ ಕೇಳಿಕೊಂಡದ್ದು ಅದನ್ನೇ. ಮಂಡ್ಲಾ ಜಿಲ್ಲೆಯಲ್ಲಿ ಮತಾಂತರ ಮಾಡುತ್ತಿದ್ದ ಕ್ಯಾಥೋಲಿಕ್ ಮಿಷನರಿಗಳ ವಿರುದ್ಧ 1944ರಲ್ಲಿ ಅವರು ಕಟುವಾಗಿ ಬರೆದರು.

ಇಷ್ಟು ಓದಿ ‘ನೋಡಿ, ಮಿಷನರಿಯೇ ಹೇಳಿದ್ದಾನೆ’ ಅಂತ ಖುಷಿಪಡೋರು ಮುಂದಿನ ಅರ್ಧವನ್ನೂ ಓದಬೇಕು. ಗೊಂಡರಿಗೆ ಕುಣಿತ ಬಿಡಿ, ಮಹುವಾ ಹೆಂಡ ಬಿಡಿ ಎಂದು ಬೋಧಿಸುತ್ತಿದ್ದ ಹಿಂದೂ ಸುಧಾರಕರನ್ನೂ, ಮದ್ಯಪಾನ ನಿಷೇಧದ ಗಾಂಧಿವಾದಿಗಳನ್ನೂ ಅವರು ಅಷ್ಟೇ ಗಟ್ಟಿಯಾಗಿ ವಿರೋಧಿಸಿದರು. ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ 1943ರ ಪುಸ್ತಕದಲ್ಲಿ ಆದಿವಾಸಿಗಳನ್ನು ‘ಹಿಂದುಳಿದ ಹಿಂದೂಗಳು’ ಎಂದು ಕರೆದು, ಎಲ್ವಿನ್ ಅವರನ್ನು ಸಮಾಜದಿಂದ ದೂರ ಇಡಲು ಹೊರಟಿದ್ದಾರೆ ಎಂದು ಟೀಕಿಸಿದರು.

ಆ ಟೀಕೆಯಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. ಬೈಗಾಗಳಿಗೆ ‘ರಾಷ್ಟ್ರೀಯ ಉದ್ಯಾನ’ದಂಥ ಪ್ರತ್ಯೇಕ ಪ್ರದೇಶ ಬೇಕು ಎಂದು ಸ್ವತಃ ಎಲ್ವಿನ್ ಬರೆದಿದ್ದರು. ವಿಪರ್ಯಾಸ ನೋಡಿ, ಮುಂದೆ ಅದೇ ಸೀಮೆಯಲ್ಲಿ ಕಾನ್ಹಾ ರಾಷ್ಟ್ರೀಯ ಉದ್ಯಾನವೇನೋ ಬಂತು, ಆದರೆ ಬೈಗಾಗಳನ್ನೇ ಅಲ್ಲಿಂದ ಎಬ್ಬಿಸಲಾಯಿತು.

ಕೋಸಿಯ ಪಾಲಿಗೆ

ಎಲ್ವಿನ್‌ರನ್ನು ಸಂತ ಮಾಡೋದೂ ಬೇಡ. 1940ರಲ್ಲಿ ಅವರು ತಮ್ಮದೇ ಶಾಲೆಯಲ್ಲಿ ಕಲಿತ, ತಮಗಿಂತ ಬಹಳ ಚಿಕ್ಕವರಾದ ಗೊಂಡ ಹುಡುಗಿ ಕೋಸಿಯನ್ನು ಮದುವೆಯಾದರು. 1949ರಲ್ಲಿ ವಿಚ್ಛೇದನ. ಕೋಲ್ಕತ್ತಾದ ನ್ಯಾಯಾಲಯದಲ್ಲಿ ಕೋಸಿ ಹಾಜರಿಲ್ಲದೆಯೇ ತೀರ್ಪು ಬಂತು. ಎಲ್ವಿನ್ ಮುಂದೆ ದೇಶದ ಗಣ್ಯರಾದರು, ಕೋಸಿ ಹಳ್ಳಿಯಲ್ಲೇ ಬಡತನದಲ್ಲಿ ಬದುಕಿದರು. ಆದಿವಾಸಿಗಳ ಮಾತು ಕೇಳಬೇಕು ಎಂದು ಜಗತ್ತಿಗೆ ಹೇಳಿದವರ ಮನೆಯೊಳಗೆ ಒಬ್ಬ ಆದಿವಾಸಿ ಹೆಣ್ಣಿನ ಮಾತು ದಾಖಲಾಗಲೇ ಇಲ್ಲ. ಪ್ರೀತಿಯಿಂದ ಬಂದ ಹೊರಗಿನವನ ಕೈಯಲ್ಲೂ ಅಧಿಕಾರ ಇರುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಉಳಿದದ್ದು ಏನು?

1954ರಲ್ಲಿ ಎಲ್ವಿನ್ ಭಾರತದ ಪೌರತ್ವ ಪಡೆದರು. ಈಗಿನ ಅರುಣಾಚಲ, ಆಗಿನ ನೇಫಾ ಆಡಳಿತಕ್ಕೆ ಬುಡಕಟ್ಟು ವ್ಯವಹಾರಗಳ ಸಲಹೆಗಾರರಾದರು. ಅಲ್ಲಿನ ನೀತಿ ಕುರಿತ ಅವರ ಪುಸ್ತಕಕ್ಕೆ ನೆಹರೂ ಬರೆದ ಮುನ್ನುಡಿಯಲ್ಲಿ ಐದು ಸೂತ್ರಗಳಿವೆ: ಜನ ತಮ್ಮ ದಾರಿಯಲ್ಲೇ ಬೆಳೆಯಲಿ, ಭೂಮಿ ಮತ್ತು ಕಾಡಿನ ಹಕ್ಕಿಗೆ ಗೌರವ ಇರಲಿ, ಆಡಳಿತಕ್ಕೆ ಅವರದೇ ಜನರನ್ನು ತಯಾರು ಮಾಡಿ, ಯೋಜನೆಗಳ ಹೊರೆ ಹೇರಬೇಡಿ, ಫಲಿತಾಂಶವನ್ನು ಖರ್ಚಾದ ಹಣದಿಂದ ಅಳೆಯಬೇಡಿ.

ಚರ್ಚಿಗೆ ಎಲ್ವಿನ್ ಮರಳಲಿಲ್ಲ. ಕೊನೆಗಾಲದಲ್ಲಿ ಬೌದ್ಧ ಚಿಂತನೆಯತ್ತ ವಾಲಿ, 1964ರಲ್ಲಿ ತೀರಿಕೊಂಡರು. ನಂಬಿಕೆ ಕಳಕೊಂಡರು ಅಂತ ಇದನ್ನು ಓದಬಹುದು. ನನಗೆ ಹಾಗನಿಸಲ್ಲ. ಇನ್ನೊಬ್ಬರನ್ನು ಬದಲಿಸಲು ಹೋದ ಮನುಷ್ಯ ತಾನೇ ಬದಲಾಗಲು ಒಪ್ಪಿಕೊಂಡದ್ದಕ್ಕೂ ನಂಬಿಕೆಯೇ ಬೇಕು.

ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಪಡೆದದ್ದು 2011ರಲ್ಲಿ. ನಾಗರಹೊಳೆಯ ಜೇನುಕುರುಬರು ತಮ್ಮ ಹಳೆಯ ಹಾಡಿಗಳಿಗಾಗಿ ಇನ್ನೂ ಕೇಳ್ತಾನೇ ಇದ್ದಾರೆ. ಮುಂದಿನ ಸಲ ಟಿವಿಯಲ್ಲಿ ಯಾರಾದರೂ ‘ಆದಿವಾಸಿಗಳ ಧರ್ಮ ಉಳಿಸಬೇಕು’ ಅಂದರೆ ಒಂದೇ ಪ್ರಶ್ನೆ ಕೇಳಿ: ಆ ಧರ್ಮ ಇರೋದು ಕಾಡಿನಲ್ಲಿ, ಕಾಡಿನ ಹಕ್ಕುಪತ್ರದ ಬಗ್ಗೆ ನಿಮ್ಮ ನಿಲುವೇನು?