ಶಾಲೆಯ ಗಂಟೆ ನಿಂತ ಮೇಲೆ

ಮುಂಬಯಿಯ ನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿಯೂ, ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಅಕ್ಷರ ಕಲಿಸಿದ ರಾತ್ರಿ ಶಾಲೆಗಳಲ್ಲಿಯೂ ಆಯುಷ್ಯ ಸವೆಸಿದ ಅಧ್ಯಾಪಕರು ಅನೇಕರು. ನಿವೃತ್ತಿಯ ದಿನ ಅವರಿಗೆ ಹಾರ, ಶಾಲು, ಫಲತಾಂಬೂಲಗಳು ಸಲ್ಲುತ್ತವೆ. ಮರುದಿನ ಲೋಕಲ್ ಹಿಡಿಯುವ ಅವಸರವಿಲ್ಲ. 'ನಿವೃತ್ತನಾದ ಮೇಲೆ ನೋಡೋಣ' ಎಂದು ಮೂವತ್ತು ವರ್ಷ ಮುಂದೂಡಿದ ಆಸೆ, ಅದು ಹಳಗನ್ನಡದ ಅಭ್ಯಾಸವಿರಲಿ, ಮದ್ದಳೆಯ ಕಲಿಕೆಯಿರಲಿ, ಈಗ ತಾನಾಗಿ ಕೈಗೂಡುವುದೆಂಬ ನಂಬಿಕೆ. ಬಹುಪಾಲು ಕೈಗೂಡುವುದಿಲ್ಲ. ಏಕೆಂದರೆ ಕೆಲಸದಲ್ಲಿದ್ದಾಗ ಆ ಆಸೆಗೆ ವಾರಕ್ಕೊಂದು ಗಂಟೆಯನ್ನಾದರೂ ಕೊಟ್ಟಿರುವುದಿಲ್ಲ. ಹಣದ ಲೆಕ್ಕವನ್ನಾಗಲಿ ಶರೀರದ ಲೆಕ್ಕವನ್ನಾಗಲಿ ಹಾಕಿರುವುದಿಲ್ಲ.

ಪಶ್ಚಿಮ ರೈಲ್ವೆಯ ಡಹಾಣುವಿನಲ್ಲಿ 1905ರಲ್ಲಿ ಹುಟ್ಟಿ, ಠಾಣೆಯಲ್ಲಿ ಪ್ರೌಢಶಿಕ್ಷಣ ಪಡೆದ ದ. ರಾ. ಕಾಪ್ರೇಕರ್ ಅವರ ಬಾಳು ಇಲ್ಲಿ ನೆನೆಯತಕ್ಕದ್ದು. ನಾಸಿಕದ ಬಳಿಯ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಅವರು ಶಾಲಾ ಮಾಸ್ತರರು. ಸ್ನಾತಕೋತ್ತರ ಪದವಿಯಿರಲಿಲ್ಲ; ಅಂಕೆಗಳ ಹುಚ್ಚು ಮಾತ್ರ ಚಿಕ್ಕಂದಿನದು. ಎಲ್ಲವೂ ಒಂದೇ ಅಂಕೆಯಾಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಳ್ಳಿ, ಉದಾಹರಣೆಗೆ 3524. ಅಂಕೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಏರಿಕೆಯ ಕ್ರಮದ್ದನ್ನು ಅದರಿಂದ ಕಳೆಯಿರಿ: 5432ರಿಂದ 2345 ಕಳೆದರೆ 3087, ಮತ್ತೆ ಹಾಗೆಯೇ ಮಾಡಿದರೆ 8352, ಮತ್ತೊಮ್ಮೆ, 6174. ಅಲ್ಲಿಂದ ಮುಂದೆ ಸಂಖ್ಯೆ ಕದಲದು. ಏಳು ಸಲದೊಳಗೆ ಎಲ್ಲವೂ ಅಲ್ಲಿಗೇ ಬಂದು ನಿಲ್ಲುತ್ತವೆ. (ಲೆಡ್ಜರುಗಳೆಲ್ಲ ಹೀಗೆ ತಾಳೆಯಾಗುವಂತಿದ್ದರೆ ಎಷ್ಟು ಚೆನ್ನು!) ಇದನ್ನು ಅವರು ಕಂಡುಕೊಂಡುದು 1946ರಲ್ಲಿ, ತರಗತಿಯ ಪಾಠಗಳ ನಡುವೆ. ಅನೇಕ ವಿದ್ವಾಂಸರು ಹಗುರವಾಗಿ ಕಂಡರು. ನಿವೃತ್ತಿಯಾಗಿ 13 ವರ್ಷಗಳ ಮೇಲೆ, 1975ರಲ್ಲಿ, ಅಮೆರಿಕದ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ಬರೆದಾಗ ಲೋಕ ಅವರತ್ತ ತಿರುಗಿತು. ಆ ನಡುವಿನ ಕಾಲದಲ್ಲಿ, ಪತ್ನಿಯನ್ನು ಕಳೆದುಕೊಂಡ ಅವರು, ಪಿಂಚಣಿ ಸಾಲದೆ ಮನೆಪಾಠ ಹೇಳಿಯೇ ಬದುಕಬೇಕಾಯಿತು.

ಹಣದ ಮಾತನ್ನು ಆದುದರಿಂದಲೇ ಬದಿಗಿಡಲಾಗದು. ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟುಮೊತ್ತವಾಗಿ ಪಡೆದರೆ ತಿಂಗಳ ಕೈಗೆ ಬರುವುದು ಅಷ್ಟರ ಮಟ್ಟಿಗೆ ಇಳಿಯುತ್ತದೆ. ತಮ್ಮ ನಂತರ ಪತಿಗೋ ಪತ್ನಿಗೋ ದೊರೆಯುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಇನ್ನೂ ಕಡಿಮೆ. 2005ರ ನವೆಂಬರ್ 1ರಿಂದ ಮಹಾರಾಷ್ಟ್ರದ ಸರಕಾರಿ ಸೇವೆಗೆ ಸೇರಿದವರಿಗೆ ವಂತಿಗೆಯ ಪದ್ಧತಿ ಬಂದಿತು. ಅವರು ಬೇರೆಯಾಗಿಯೇ ಲೆಕ್ಕ ಹಾಕತಕ್ಕದ್ದು. ಗ್ರಾಚ್ಯುಯಿಟಿಯ ಹಣವೆಲ್ಲ ಮಗನ ಫ್ಲ್ಯಾಟಿಗೆ ಹೋಯಿತೆಂದರೆ ತಾಯ್ತಂದೆಯರ ಔಷಧಿಗೆ ಕೈಚಾಚುವ ದಿನ ದೂರವಿಲ್ಲ. ಕೇಳಲು ಕಹಿ, ಆದರೂ ಹೇಳಬೇಕಾದುದು.

ಕನ್ನಡದಲ್ಲಿಯೇ ಇನ್ನೊಂದು ದೃಷ್ಟಾಂತವುಂಟು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಬೆಂಗಳೂರಿನ ವಿಜಯಾ ಕಾಲೇಜಿನಿಂದ 1973ರಲ್ಲಿ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕೆಲಸದಲ್ಲಿ ಅವರು ಬೋಧಿಸುತ್ತಿದ್ದಾಗಲೇ ತೊಡಗಿದ್ದವರು. ಎಂಟು ಸಂಪುಟಗಳ ಆ ಮಹಾಕಾರ್ಯ ಮುಗಿದುದು ನಿವೃತ್ತಿಯ ಎರಡು ದಶಕಗಳ ಅನಂತರ. ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣವನ್ನು ಅವರು ಆರಂಭಿಸಿದುದು ಎಪ್ಪತ್ತೈದು ದಾಟಿದ ಮೇಲೆ. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವಯಸ್ಸು. ಅಷ್ಟು ಆಯುಷ್ಯ ಎಲ್ಲರಿಗೂ ದೊರೆಯದು, ನಿಜ. ಹಳೆಯ ನೂಲು ಕೈಯಲ್ಲಿದ್ದುದರಿಂದ ನಿವೃತ್ತಿಯ ಮರುದಿನವೇ ನೇಯ್ಗೆ ಮುಂದುವರಿಯಿತು ಎಂಬುದನ್ನಷ್ಟೇ ಇಲ್ಲಿ ಗಮನಿಸಬೇಕು.

ಶರೀರದ ವಿಷಯದಲ್ಲಿ ಅಧ್ಯಾಪಕರ ತೊಂದರೆಗಳು ಅವರ ವೃತ್ತಿಯವೇ: ದೀರ್ಘಕಾಲ ನಿಂತು ಉಬ್ಬಿದ ಕಾಲಿನ ನರಗಳು, ಸವೆದ ಕಂಠ. ಅದಕ್ಕಿಂತ ಗಂಭೀರವಾದುದು ಕಣ್ಣು ಕಿವಿಗಳ ಉಪೇಕ್ಷೆ. ಮರೆವಿನ ರೋಗಕ್ಕೆ ದಾರಿಮಾಡುವ, ತಪ್ಪಿಸಬಹುದಾದ 14 ಅಂಶಗಳನ್ನು 2024ರಲ್ಲಿ ಲ್ಯಾನ್ಸೆಟ್ ಆಯೋಗ ಗುರುತಿಸಿತು. ಕಿವಿ ಮಂದವಾಗುವುದು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ಒಂಟಿತನ, ನಡೆದಾಡದಿರುವುದು ಇವೂ ಅವುಗಳಲ್ಲಿ ಸೇರಿವೆ. ಪೊರೆ ಬಂದ ಕಣ್ಣಿನಲ್ಲಿ ಪುಸ್ತಕ ಹಿಡಿದು 'ಓದಲು ಮನಸ್ಸೇ ಇಲ್ಲ' ಎನ್ನುವವರು ಮೊದಲು ಕಣ್ಣಿನ ವೈದ್ಯರನ್ನು ಕಾಣುವುದು ಲೇಸು.

ಉಳಿದುದು ಸ್ಥಳದ ಪ್ರಶ್ನೆ. ಡೊಂಬಿವಿಲಿಯ ಒಂದು ಕೋಣೆ, ಅಡಿಗೆಮನೆಯ ಸಂಸಾರದಲ್ಲಿ ಮದ್ದಳೆ ಬಾರಿಸಿದರೆ ನೆರೆಯವರು ಸುಮ್ಮನಿರರು. ಸಂಘಗಳ ಸಭಾಗೃಹಗಳು ವಾರದ ದಿನಗಳಲ್ಲಿ ಮಧ್ಯಾಹ್ನ ಬಹುಮಟ್ಟಿಗೆ ಬರಿದಾಗಿರುತ್ತವೆ. ಕೇಳಿದರೆ ಬೀಗದ ಕೈ ಕೊಡದ ಕಾರ್ಯದರ್ಶಿಗಳು ವಿರಳ.